ಒಣಗಿದ ಲೋಟ ಬೆಂದ ಲೋಟ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಮಣ್ಣಿನ ಪಾತ್ರೆ ಮಾಡುವ ಹವ್ಯಾಸದ ಬಗ್ಗೆ ಇಡೀ ಪುಟ ಕೊಟ್ಟಿದ್ದೀರಿ. ಖುಷಿಯಾಯಿತು. ಈ ಹವ್ಯಾಸಕ್ಕೆ ಪತ್ರಿಕೆಯಲ್ಲಿ ಅಷ್ಟು ಜಾಗ ಸಿಗುವುದೇ ಅಪರೂಪ. ಮಣ್ಣು ನಾದುವುದು, ಉಂಡೆ ಮಾಡಿ ಹೆಬ್ಬೆರಳು ಒತ್ತಿ ಬಟ್ಟಲು ಎಬ್ಬಿಸುವುದು, ಎಲ್ಲವನ್ನೂ ಚೆನ್ನಾಗಿಯೇ ಬರೆದಿದ್ದರು. ತಕರಾರು ಇರುವುದು ಕೊನೆಯ ಎರಡು ಸಾಲಿನ ಮೇಲೆ. ಒಣಗಿದ ಲೋಟವನ್ನು ಅಡುಗೆಮನೆಯ ಓವನ್‌ನಲ್ಲಿ ಒಂದು ಗಂಟೆ ಇಟ್ಟರೆ ಬಳಕೆಗೆ ಸಿದ್ಧ ಎಂದು ಅಲ್ಲಿತ್ತು. ಇಲ್ಲ ಸ್ವಾಮಿ, ಸಿದ್ಧ ಅಲ್ಲ. ಅದು ಇನ್ನೂ ಬರೀ ಮಣ್ಣೇ.

ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ಮಣ್ಣಿಗೆ ಕೈ ಹಾಕಿದೆ. ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ಮೇಜು, ಎರಡು ಬಕೆಟ್ಟು, ಒಂದಷ್ಟು ಹಳೆಯ ಬಟ್ಟೆ. ನನ್ನ ಕಾರ್ಖಾನೆ ಇಷ್ಟೇ. ಕಿಲ್ನ್ ಅನ್ನುತ್ತಾರಲ್ಲ, ಪಾತ್ರೆ ಸುಡುವ ಆ ಕರೆಂಟಿನ ಆವಿಗೆ ನನ್ನದಲ್ಲ, ಪರಿಚಯದವರದು. ಮಾಡಿದ್ದನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಅವರಲ್ಲಿಗೆ ಹೋಗುತ್ತೇನೆ. ನಮ್ಮ ಯಜಮಾನರು ಇದಕ್ಕೆ ‘ಕೆಸರಿನ ಮೆರವಣಿಗೆ’ ಎಂದು ಹೆಸರಿಟ್ಟಿದ್ದಾರೆ. ಇರಲಿ.

ನಿಮ್ಮ ಬರಹ ಓದಿದ ಪಕ್ಕದ ಮನೆಯ ಹುಡುಗಿ ಅದೇ ಪ್ರಕಾರ ಒಂದು ಲೋಟ ಮಾಡಿ ತಂದಳು. ಕೈ ಚೆನ್ನಾಗಿದೆ ಅವಳದು. ಅಂಚು ತೆಳ್ಳಗೆ, ಗೋಡೆ ಸಮನಾಗಿ ಬಂದಿತ್ತು. ‘ಆಂಟಿ, ಓವನ್‌ನಲ್ಲಿ ಇಟ್ಟಾಯ್ತು. ಈಗ ನೀರು ಹಾಕಬಹುದಲ್ವಾ?’ ಎಂದಳು. ‘ಹಾಕು ಪುಟ್ಟಿ, ಆದ್ರೆ ತಟ್ಟೆಯಲ್ಲಿಟ್ಟು ಹಾಕು’ ಎಂದೆ.

ಹಾಕಿದಳು. ಮೊದಲು ಹೊರಗಡೆ ಬಣ್ಣ ಗಾಢವಾಗುತ್ತ ಬಂತು. ಕೆಳಗಿನಿಂದ ಮೇಲಕ್ಕೆ ಒಂದು ಒದ್ದೆ ಗೆರೆ ಏರತೊಡಗಿತು. ಒಳಗಡೆ ಗೋಡೆಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಮಣ್ಣಿನ ರಂಧ್ರಗಳಿಗೆ ನೀರು ನುಗ್ಗಿ ಅಲ್ಲಿದ್ದ ಗಾಳಿಯನ್ನು ಹೊರಗೆ ತಳ್ಳುವಾಗ ಹೀಗಾಗುತ್ತದೆ. ಆಮೇಲೆ ಒಳಗೋಡೆ ಚಕ್ಕೆ ಚಕ್ಕೆಯಾಗಿ ಕಳಚಿ ತಳಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ತಳವೇ ಕುಸಿಯಿತು. ತಟ್ಟೆಯ ತುಂಬ ಬಗ್ಗಡ. ಹುಡುಗಿ ಮುಖ ಸಪ್ಪೆಯಾಯಿತು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ, ನೀರೇ ಸಾಕಾಯಿತು.

ಯಾಕೆ ಹೀಗೆ ಎನ್ನುವುದನ್ನು ಬರೆಯುತ್ತೇನೆ. ನಿಮ್ಮ ಪುಟದಲ್ಲಿ ಬಿಟ್ಟುಹೋದದ್ದು ಅದೇ.

ಅನೇಕ ಜೇಡಿಮಣ್ಣುಗಳ ಮುಖ್ಯ ಖನಿಜ ಕೆಯೊಲಿನೈಟ್. ಇದರ ಕಣಗಳು ಬಹಳ ಸಣ್ಣವು, ಚಪ್ಪಟೆಯಾಗಿರುವವು. ಕಣ ಕಣಗಳ ನಡುವೆ ನೀರಿನ ತೆಳು ಪದರ ಇರುತ್ತದೆ. ಪ್ರಯೋಗಾಲಯದಲ್ಲಿ ಎರಡು ಗಾಜಿನ ಸ್ಲೈಡುಗಳ ನಡುವೆ ಒಂದು ಹನಿ ನೀರು ಬಿದ್ದರೆ ಹೇಗೆ ಅವು ಅಂಟಿಕೊಂಡೂ ಜಾರುತ್ತವೋ, ಹಾಗೆಯೇ ಇದು. ಹಸಿ ಮಣ್ಣು ನಾವು ಹೇಳಿದ ಹಾಗೆ ಬಾಗುವುದು ಈ ನೀರಿನಿಂದ. ಒಣಗಿದಾಗ ಈ ನೀರು ಹೋಗುತ್ತದೆ, ಕಣಗಳು ಹತ್ತಿರ ಬರುತ್ತವೆ, ಪಾತ್ರೆ ಕುಗ್ಗುತ್ತದೆ, ಗಟ್ಟಿಯಾಗುತ್ತದೆ. ಆದರೆ ಕಣಗಳು ಒಂದಕ್ಕೊಂದು ಬೆಸೆದಿರುವುದಿಲ್ಲ. ನೀರು ವಾಪಸ್ ಬಂದರೆ ಮತ್ತೆ ಬಿಟ್ಟುಕೊಳ್ಳುತ್ತವೆ.

ಇನ್ನೊಂದು ನೀರಿದೆ. ಅದು ಖನಿಜದ ರಚನೆಯೊಳಗೇ ಸೇರಿಕೊಂಡಿರುವಂಥದ್ದು. ಶುದ್ಧ ಕೆಯೊಲಿನೈಟ್‌ನ ತೂಕದಲ್ಲಿ ಸುಮಾರು ಶೇ 14ರಷ್ಟು ಇದೇ. ಬಿಸಿಲಿಗೆ, ಗಾಳಿಗೆ ಅದು ಬಗ್ಗುವುದಿಲ್ಲ. ಹೆಚ್ಚುಕಡಿಮೆ 450ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ನೀರು ಹೋದ ಮೇಲೆ ಮಣ್ಣು ಮತ್ತೆ ಮಣ್ಣಾಗುವುದಿಲ್ಲ. ಇನ್ನೂ ಮೇಲಕ್ಕೆ ಹೋದಂತೆ ಕಣಗಳು ಬೆಸೆದುಕೊಂಡು ಪಾತ್ರೆ ಗಟ್ಟಿಯಾಗುತ್ತದೆ. ಸಾಮಾನ್ಯ ಕೆಂಪು ಮಣ್ಣಿನ ಪಾತ್ರೆಯನ್ನು 1000 ಡಿಗ್ರಿ ಆಸುಪಾಸಿನಲ್ಲಿ ಸುಡುತ್ತಾರೆ. ಸ್ಟೋನ್‌ವೇರ್ ಎನ್ನುವ ಗಟ್ಟಿ ಬಗೆಯದಕ್ಕೆ 1200ರಿಂದ 1300. ಮನೆಯ ಓವನ್ ಎಷ್ಟು ತಿರುಗಿಸಿದರೂ 250ರ ಹತ್ತಿರ ನಿಂತುಬಿಡುತ್ತದೆ. ಒಂದು ಗಂಟೆಯಲ್ಲ, ಒಂದು ವಾರ ಇಟ್ಟರೂ ಅಷ್ಟೆ. ಕಾಲ ಹೆಚ್ಚಾದರೆ ಶಾಖದ ಕೊರತೆ ತುಂಬುವುದಿಲ್ಲ. ಓವನ್ ಮಾಡಿದ್ದು ಒಣಗಿಸುವ ಕೆಲಸ ಮಾತ್ರ.

ಇದು ಹೊಸ ವಿಚಾರವೇನಲ್ಲ. ಈಗಿನ ಚೆಕ್ ದೇಶದ ಡೋಲ್ನಿ ವೆಸ್ಟೋನಿಟ್ಸೆಯಲ್ಲಿ 1925ರಲ್ಲಿ ಹೆಣ್ಣಿನ ಆಕಾರದ ಒಂದು ಪುಟ್ಟ ಮಣ್ಣಿನ ಬೊಂಬೆ ಸಿಕ್ಕಿತು. ಅದು 25 ಸಾವಿರ ವರ್ಷಕ್ಕೂ ಹಳೆಯದು. ಎರಡು ತುಂಡಾಗಿತ್ತು, ಆದರೆ ಕರಗಿರಲಿಲ್ಲ. ಯಾಕೆಂದರೆ ಅದು ಬೆಂಕಿ ಕಂಡಿತ್ತು. ಚೀನಾದ ಶಿಯಾನ್‌ರೆನ್‌ಡಾಂಗ್ ಗುಹೆಯಲ್ಲಿ ಸಿಕ್ಕಿದ ಮಡಕೆ ಚೂರುಗಳಿಗೆ ಸುಮಾರು 20 ಸಾವಿರ ವರ್ಷ ವಯಸ್ಸು. ಬರೀ ಒಣಗಿಸಿಟ್ಟ ಪಾತ್ರೆಗಳು ಎಷ್ಟಿದ್ದವೋ ಏನೋ, ಮಳೆಗೆ ಸಿಕ್ಕಿದ್ದು ಮಣ್ಣಿಗೆ ಮಣ್ಣಾಗಿ ಹೋಗಿರುತ್ತದೆ.

ಅಂದ ಹಾಗೆ ಈ ಗುಹೆಯ ಪಾತ್ರೆಗಳ ಕಾಲದಲ್ಲಿ ಕುಂಬಾರನ ಚಕ್ರ ಇರಲಿಲ್ಲ. ಅದು ಬಂದದ್ದು ಹತ್ತು ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಜಪಾನಿನ ಜೋಮನ್ ಎಂಬ ಪ್ರಾಚೀನ ಕಾಲದವರು ಮಣ್ಣಿನ ಬತ್ತಿ ಹೊಸೆದು, ಒಂದರ ಮೇಲೊಂದು ಸುತ್ತಿ, ಹಗ್ಗದ ಗುರುತು ಒತ್ತಿ, ಏನೇನು ಚೆಂದದ ಪಾತ್ರೆ ಮಾಡಿದ್ದಾರೆ! ನೀವು ನೋಡಿದರೆ ಅರ್ಧ ಪುಟಕ್ಕೆ ಚಕ್ರದ ಫೋಟೊ ಹಾಕಿದ್ದೀರಿ. ಅದನ್ನು ನೋಡಿದವರು ಚಕ್ರವಿಲ್ಲದೆ ಕೆಲಸ ಶುರುವಾಗುವುದಿಲ್ಲ ಎಂದುಕೊಳ್ಳುತ್ತಾರೆ. ಮನೆಯ ಹವ್ಯಾಸಕ್ಕೆ ಚಕ್ರ ಬೇಕಿಲ್ಲ. ಸುಡುವ ದಾರಿ ಬೇಕು. ಎಲ್ಲಿ ಸುಡುತ್ತೀರಿ ಎಂದು ಗೊತ್ತುಮಾಡಿಕೊಂಡು ಆಮೇಲೆ ಮಣ್ಣು ತನ್ನಿ ಎಂದೇ ನಾನು ಕೇಳಿದವರಿಗೆಲ್ಲ ಹೇಳುವುದು.

ಸುಡುವುದು ಬೇಡ, ಸುಮ್ನೆ ಕೈಗೆ ಕೆಲಸ ಬೇಕು ಎನ್ನುವವರೂ ಇದ್ದಾರೆ. ಅದೂ ಸರಿಯೇ. ಗಾಳಿಗೆ ಒಣಗುವ ಮಣ್ಣು ಎಂದು ಪೊಟ್ಟಣದಲ್ಲಿ ಸಿಗುತ್ತದೆ. ಅದರಲ್ಲಿ ಅಂಟು, ಕಾಗದದ ನಾರು ಇಂಥದ್ದೆಲ್ಲ ಬೆರೆಸಿರುತ್ತಾರೆ. ಬೊಂಬೆ, ಗೋಡೆಗೆ ತೂಗುಹಾಕುವ ಬಿಲ್ಲೆ, ಪೆನ್ನು ಇಡುವ ಡಬ್ಬಿ ಮಾಡಿ. ಮೇಲೆ ವಾರ್ನಿಷ್ ಬಳಿದ ಮಾತ್ರಕ್ಕೆ ಅದು ಕುಡಿಯುವ ಲೋಟವಾಗುವುದಿಲ್ಲ. ಪಾಲಿಮರ್ ಕ್ಲೇ ಅಂತೂ ಮಣ್ಣೇ ಅಲ್ಲ, ಅದು ಪಿವಿಸಿ ಪ್ಲಾಸ್ಟಿಕ್. ಅದನ್ನು ಓವನ್‌ನಲ್ಲೇ ಗಟ್ಟಿ ಮಾಡುತ್ತಾರೆ, ಸುಮಾರು 130 ಡಿಗ್ರಿಯಲ್ಲಿ. ಶಾಖ ಜಾಸ್ತಿಯಾಗಿ ಸೀದರೆ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ನಿಮ್ಮ ಬರಹದವರು ಈ ಮೂರೂ ಬಗೆಯನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ ಎಂದು ನನ್ನ ಅನುಮಾನ. ಓವನ್ ಮಾತು ಪಾಲಿಮರ್‌ನಿಂದ ಬಂದಿರಬೇಕು, ಲೋಟದ ಮಾತು ನಿಜವಾದ ಮಣ್ಣಿನಿಂದ. ಮಕ್ಕಳಿಗೆಂದು ಮಾರುವ ಒಂದು ಕಿಟ್ಟಿನ ಡಬ್ಬಿಯ ಮೇಲೂ ಇದೇ ಗೊಂದಲ ನೋಡಿದ್ದೇನೆ. ಒಳಗೆ ಗಾಳಿಗೆ ಒಣಗುವ ಮಣ್ಣು, ಹೊರಗೆ ಹೊಗೆಯಾಡುವ ಲೋಟದ ಚಿತ್ರ!

ನಿಜವಾದ ಮಣ್ಣಿನಲ್ಲೇ ಮಾಡುತ್ತೇನೆ ಎನ್ನುವವರಿಗೆ ನನ್ನದೊಂದು ಸಲಹೆ. ಲೋಟದಿಂದ ಶುರು ಮಾಡಬೇಡಿ. ಗುಂಡಿ ಮಾಡಿ. ಹೌದು, ಅಂಗಿಗೆ ಹಾಕುವ ಗುಂಡಿ. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಲೂಸಿ ರೀ ಎಂಬ ದೊಡ್ಡ ಕುಂಬಾರ್ತಿ ಎರಡನೇ ಮಹಾಯುದ್ಧದ ಕಾಲದಲ್ಲಿ ಸೆರಾಮಿಕ್ ಗುಂಡಿ ಮಾಡಿ ಜೀವನ ನಡೆಸಿದರು. 1939ರಿಂದ ಸುಮಾರು ಅರ್ಧ ಶತಮಾನ ಆಕೆಯ ಮನೆ, ಕೆಲಸದ ಕೋಣೆ ಎರಡೂ ಒಂದೇ ಸಣ್ಣ ಕಟ್ಟಡ. ಮನೆಯಲ್ಲಿ ಕುಂಬಾರಿಕೆ ಅಂದರೆ ಚಿಲ್ಲರೆ ಕೆಲಸ ಎಂದು ಮೂಗು ಮುರಿಯುವವರಿಗೆ ನಾನು ಈ ಹೆಸರು ಹೇಳುತ್ತೇನೆ. ಗುಂಡಿಯಲ್ಲಿ ಅನುಕೂಲ ಏನೆಂದರೆ, ಅದು ಚಿಕ್ಕದು, ಎಲ್ಲ ಕಡೆ ಒಂದೇ ದಪ್ಪ, ಹಾಗಾಗಿ ಸಮನಾಗಿ ಒಣಗುತ್ತದೆ. ಬಾಯಿಗೆ ತಾಗುವ ವಸ್ತುವಲ್ಲ. ಆವಿಗೆಯಲ್ಲಿ ಯಾರದ್ದೋ ಹೂಜಿಯ ಪಕ್ಕದ ಸಂದಿಯಲ್ಲೂ ಜಾಗ ಸಿಗುತ್ತದೆ. ತೂತು ಮಾತ್ರ ಸ್ವಲ್ಪ ದೊಡ್ಡದಾಗಿಯೇ ಇಡಿ, ಸುಟ್ಟಾಗ ಅದೂ ಕಿರಿದಾಗುತ್ತದೆ.

ಎಷ್ಟು ಕಿರಿದಾಗುತ್ತದೆ? ಅದು ಮಣ್ಣಿಂದ ಮಣ್ಣಿಗೆ ಬೇರೆ. ಹೊಸ ಮಣ್ಣು ತಂದಾಗ ನಾನು ಒಂದು ಪಟ್ಟಿ ತಟ್ಟಿ, ಹಸಿಯಿರುವಾಗಲೇ ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆದಿಡುತ್ತೇನೆ. ಸುಟ್ಟು ಬಂದ ಮೇಲೆ ಸ್ಕೇಲ್ ಇಟ್ಟು ನೋಡುವುದು. 8.8 ಬಂದರೆ ಆ ಮಣ್ಣು ಶೇ 12ರಷ್ಟು ಕುಗ್ಗುತ್ತದೆ ಎಂದರ್ಥ. ಲೆಕ್ಕ ಅಷ್ಟೇ. ಮುಚ್ಚಳ ಇರುವ ಡಬ್ಬಿ ಮಾಡುವವರು ಇದನ್ನು ಮರೆಯಬಾರದು. ಎರಡನ್ನೂ ಒಂದೇ ಮಣ್ಣಿನಲ್ಲಿ ಮಾಡಿ, ಒಟ್ಟಿಗೇ ಒಣಗಿಸಬೇಕು.

ಒಣಗಿಸುವುದಕ್ಕೆ ನಿಮ್ಮವರು ಒಂದೇ ಸಾಲು ಕೊಟ್ಟಿದ್ದಾರೆ. ಕೈಯಲ್ಲಿ ಮಾಡುವ ಪಾತ್ರೆ ಹಾಳಾಗುವುದು ಹೆಚ್ಚಾಗಿ ಅಲ್ಲೇ. ಬಿಸಿಲಿಗೂ ಫ್ಯಾನಿಗೂ ಇಟ್ಟರೆ ಅಂಚು ಬೇಗ ಒಣಗಿ ಕುಗ್ಗುತ್ತದೆ, ತಳ ಇನ್ನೂ ಒದ್ದೆಯಾಗಿರುತ್ತದೆ. ಒಂದು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಬಿರುಕು ಬರದೆ ಇನ್ನೇನು? ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಹೊದಿಸಿ. ಅಂಚು ತನ್ನ ಭಾರ ತಾನು ತಡೆಯುವಷ್ಟು ಗಟ್ಟಿಯಾದ ಕೂಡಲೇ ಬೋರಲು ಹಾಕಿ, ತಳಕ್ಕೆ ಗಾಳಿ ಬರಲಿ. ಹಿಡಿ ಅಂಟಿಸುವುದಕ್ಕೂ ಒಂದು ಹದವಿದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿನಿಂದ ತಳ್ಳಿದರೆ ಗೋಡೆ ಬಾಗಬಾರದು. ಲೋಟವೂ ಹಿಡಿಯೂ ಅದೇ ಹದದಲ್ಲಿರಬೇಕು. ಎರಡೂ ಕಡೆ ಅಡ್ಡಡ್ಡ ಗೀರು ಹಾಕಿ, ನಡುವೆ ಅದೇ ಮಣ್ಣಿನ ಬಗ್ಗಡ ಸವರಿ ಒತ್ತಬೇಕು. ಒಣಗಿದ ಲೋಟಕ್ಕೆ ಹಸಿ ಹಿಡಿ ಹಚ್ಚಿದರೆ ಅದು ಕೈಗೇ ಬರುತ್ತದೆ.

ಪೂರ್ತಿ ಒಣಗಿದೆಯೇ ಎಂದು ನೋಡಲು ಪಾತ್ರೆಯನ್ನು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ, ಅದು ಆರುತ್ತಿರುವುದರಿಂದಲೇ ಆ ತಂಪು. ಕೋಣೆಯಷ್ಟೇ ಬೆಚ್ಚಗಿದ್ದರೆ ಸರಿ. ಯಾವ ಉಪಕರಣಕ್ಕಿಂತಲೂ ನಾನು ನನ್ನ ಕೆನ್ನೆಯನ್ನೇ ನಂಬುವುದು. ಇದರ ಜೊತೆಗೇ ಇನ್ನೊಂದು ತಪ್ಪು ತಿಳಿವಳಿಕೆ ಹೋಗಬೇಕು. ಆವಿಗೆಯಲ್ಲಿ ಪಾತ್ರೆ ಸಿಡಿದರೆ ‘ಗಾಳಿ ಗುಳ್ಳೆ ಇತ್ತು’ ಎಂದು ಎಲ್ಲರೂ ಹೇಳುತ್ತಾರೆ. ಗಾಳಿಯದ್ದಲ್ಲ ದೋಷ, ನೀರಿನದ್ದು. 100 ಡಿಗ್ರಿ ದಾಟಿದಾಗ ನೀರು ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಹೊರಗೆ ಹೋಗಲು ದಾರಿ ಸಾಲದಿದ್ದರೆ ಗೋಡೆಯನ್ನೇ ಒಡೆಯುತ್ತದೆ. ಅದಕ್ಕೇ ಅನುಭವಸ್ಥರು ಮೊದಲ ಕೆಲವು ಗಂಟೆ ಆವಿಗೆಯನ್ನು 100ರ ಕೆಳಗೇ ಇಡುತ್ತಾರೆ. ಟೊಳ್ಳಾದ ಬೊಂಬೆಗೆ ಎಲ್ಲಾದರೂ ಕಾಣದ ಕಡೆ ಸೂಜಿ ತೂತು ಬಿಡುತ್ತಾರೆ.

ಶಾಖ ಏರುವಾಗ ಇನ್ನೊಂದು ಗಂಡಾಂತರ 573 ಡಿಗ್ರಿಯಲ್ಲಿ. ಮಣ್ಣಿನಲ್ಲಿರುವ ಸ್ಫಟಿಕ ಶಿಲೆ, ಅಂದರೆ ಕ್ವಾರ್ಟ್ಜ್, ಅಲ್ಲಿ ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಇಳಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತದೆ. ಬಿಸಿಯಿರುವಾಗಲೇ ನೋಡುವ ಆಸೆಗೆ ಆವಿಗೆಯ ಬಾಗಿಲು ತೆಗೆದರೆ ಪಾತ್ರೆ ಬಿರಿದು ಟಣ್ ಎಂದು ಸದ್ದು ಬರುವುದು ಇದಕ್ಕೂ ಇರಬಹುದು. ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಬೇಕು.

ಬೇರೆಯವರ ಆವಿಗೆಗೆ ಒಯ್ಯುವಾಗ ನಿಮ್ಮ ಮಣ್ಣು ಯಾವುದು, ಎಷ್ಟು ಶಾಖದ್ದು ಎಂದು ಮೊದಲೇ ಹೇಳಿ. ಆವಿಗೆಯೊಳಗೆ ‘ಕೋನ್’ ಎಂಬ ಸಣ್ಣ ಮೊನಚು ಕಡ್ಡಿ ಇಡುತ್ತಾರೆ. ಗೊತ್ತಾದ ಶಾಖಕ್ಕೆ ಅದು ಬಾಗುತ್ತದೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಇದನ್ನು ರೂಢಿಗೆ ತಂದರು. ಹತ್ತು ವರ್ಷದ ನಂತರ ಅಮೆರಿಕದಲ್ಲಿ ಎಡ್ವರ್ಡ್ ಆರ್ಟನ್ ತಮ್ಮದೇ ಕೋನ್ ತಯಾರಿಸತೊಡಗಿದರು. ಈಗಲೂ ಎಷ್ಟೋ ಕಡೆ ಆರ್ಟನ್ ಸಂಖ್ಯೆಗಳೇ ಚಾಲ್ತಿ. ಇಲ್ಲಿ ಒಂದು ಸೊನ್ನೆಯ ಮೇಲೆ ಕಣ್ಣಿರಲಿ. ಕೋನ್ 06 ಅಂದರೆ ಸುಮಾರು 1000 ಡಿಗ್ರಿ, ಕೋನ್ 6 ಅಂದರೆ ಸುಮಾರು 1220. ಕಡಿಮೆ ಶಾಖದ ಕೆಂಪು ಮಣ್ಣನ್ನು ಕೋನ್ 6ಕ್ಕೆ ಸುಟ್ಟರೆ ಅದು ಉಬ್ಬಿ, ಕುಸಿದು, ಕೆಲವೊಮ್ಮೆ ಕರಗಿ ಶೆಲ್ಫಿಗೇ ಅಂಟಿಕೊಳ್ಳುತ್ತದೆ. ಆಮೇಲೆ ಆ ಮನೆಯವರು ನಿಮ್ಮನ್ನು ಮತ್ತೆ ಕರೆಯುತ್ತಾರಾ?

ಬಯಲಲ್ಲಿ ಸುಡುವುದೂ ಒಂದು ದಾರಿ. ಅಮೆರಿಕದ ನ್ಯೂ ಮೆಕ್ಸಿಕೋದ ಸಾನ್ ಇಲ್ಡೆಫಾನ್ಸೋದವರಾದ ಮರಿಯಾ ಮಾರ್ಟಿನೆಜ್ ಚಕ್ರವನ್ನೇ ಬಳಸಲಿಲ್ಲ. ಬತ್ತಿ ಸುತ್ತಿ ಪಾತ್ರೆ ಎಬ್ಬಿಸಿ, ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಬಯಲಿನಲ್ಲೇ ಸುಡುತ್ತಿದ್ದರು. ಉರಿ ಹದಕ್ಕೆ ಬಂದಾಗ ಸಗಣಿ ಪುಡಿ ಸುರಿದು ಬೆಂಕಿಯ ಉಸಿರು ಕಟ್ಟಿಸುತ್ತಿದ್ದರು. ಆಮ್ಲಜನಕ ಸಿಗದೆ ಹೊಗೆ ತುಂಬಿದಾಗ ಕೆಂಪಾಗಬೇಕಾದ ಮಣ್ಣು ಕಪ್ಪಾಗುತ್ತದೆ. ಆ ಕರಿ ಪಾತ್ರೆಗಳು ಜಗತ್ತಿನ ಮ್ಯೂಸಿಯಮ್ಮುಗಳಲ್ಲಿವೆ. ಆದರೆ ಅವು ನೋಡುವ ಪಾತ್ರೆಗಳು, ನೀರು ತುಂಬಿಡುವಂಥವಲ್ಲ. ಹೊಳಪು ಉಳಿಯಲೆಂದು ಕಡಿಮೆ ಶಾಖದಲ್ಲೇ ನಿಲ್ಲಿಸುತ್ತಿದ್ದರು. ಅಷ್ಟು ದೊಡ್ಡ ಕೈಯ ಪಾತ್ರೆಯೇ ಹಾಗಿರುವಾಗ ನಾವು ಓವನ್‌ನಲ್ಲಿಟ್ಟದ್ದರಲ್ಲಿ ಕುಡಿಯಲು ಹೊರಟರೆ ಏನೆನ್ನಬೇಕು?

ಬಣ್ಣದ ಹೊಳಪು ಲೇಪ, ಅಂದರೆ ಗ್ಲೇಜ್ ಬಗ್ಗೆ ಒಂದು ಎಚ್ಚರಿಕೆ. ಅದು ಪಾತ್ರೆಯ ಮೇಲೆ ಕರಗಿ ಕೂರುವ ಗಾಜು. ಸೀಸ ಸೇರಿಸಿದರೆ ಕಡಿಮೆ ಶಾಖಕ್ಕೇ ಕರಗುತ್ತದೆ, ಹೊಳಪೂ ಚೆನ್ನ. ಅದಕ್ಕೇ ಕುಂಬಾರರು ಶತಮಾನಗಳ ಕಾಲ ಸೀಸ ಬಳಸಿದರು. ಅದರಿಂದ ಕೈ ನಡುಗಿ ಸ್ವಾಧೀನ ತಪ್ಪುವುದನ್ನು ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಬರೆದಿಟ್ಟಿದ್ದಾರೆ. ಹುಳಿ ಪದಾರ್ಥ ತಾಗಿದರೆ ಗ್ಲೇಜಿನಿಂದ ಸೀಸ ಬಿಟ್ಟುಕೊಳ್ಳುತ್ತದೆ. ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವುದೂ ಹಾಗೆಯೇ. ಪಾತ್ರೆಯಲ್ಲಿ ಶೇ 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು, ಎಷ್ಟು ಸೀಸ, ಕ್ಯಾಡ್ಮಿಯಂ ಬಂತು ಎಂದು ಅಳೆಯುತ್ತಾರೆ. ಏನು ಬೆರೆಸಿದೆ ಎಂದು ಬರೆಯದ ಗ್ಲೇಜ್ ಅಗ್ಗಕ್ಕೆ ಸಿಕ್ಕಿದರೂ ಊಟದ ಪಾತ್ರೆಗೆ ಬಳಿಯಬೇಡಿ. ಊಟದ ಪಾತ್ರೆಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ, ಹೇಳಿದ ಶಾಖಕ್ಕೆ ಸುಟ್ಟರೆ ಮಾತ್ರ ಆ ಮಾತು ನಿಜ.

ದೂಳಿನ ಸುದ್ದಿಯೇ ನಿಮ್ಮ ಪುಟದಲ್ಲಿಲ್ಲ. ಹಸಿ ಮಣ್ಣು ಸಾಧು. ಒಣಗಿ ಪುಡಿಯಾದರೆ ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ಕೆಲಸದ ಜಾಗಗಳಲ್ಲಿ ಏಳುವ ಈ ದೂಳು ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಹವ್ಯಾಸದವರು ಹೆದರಿ ಓಡಬೇಕಿಲ್ಲ. ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ ಪಾತ್ರೆಯನ್ನು ಮರಳು ಕಾಗದದಲ್ಲಿ ಉಜ್ಜುವ ಬದಲು ಒದ್ದೆ ಸ್ಪಂಜಿನಿಂದ ನಯ ಮಾಡಿ. ಉಜ್ಜಲೇಬೇಕಾದರೆ ಹೊರಗೆ ಕೂತು, ಎನ್-95 ಮಾಸ್ಕ್ ಹಾಕಿಕೊಂಡು ಉಜ್ಜಿ. ಮಣ್ಣಿನ ಕೈಯನ್ನು ಸಿಂಕಿನಲ್ಲೂ ತೊಳೆಯಬೇಡಿ, ಪೈಪಿನ ಬಾಗಿನಲ್ಲಿ ಮಣ್ಣು ಕೂತುಬಿಡುತ್ತದೆ. ನನ್ನ ಎರಡು ಬಕೆಟ್ಟಿನಲ್ಲಿ ಒಂದು ಇದಕ್ಕೇ. ರಾತ್ರಿಯೆಲ್ಲ ಬಿಟ್ಟರೆ ಮಣ್ಣು ತಳಕ್ಕಿಳಿಯುತ್ತದೆ. ತಿಳಿನೀರು ಗಿಡಕ್ಕೆ, ತಳದ್ದು ಮತ್ತೆ ಕೆಲಸಕ್ಕೆ. ಸುಡದ ಮಣ್ಣಿನ ಲಾಭವೇ ಅದು, ಎಷ್ಟು ಸಲ ಬೇಕಾದರೂ ನೆನೆಸಿ ನಾದಬಹುದು. ಪಕ್ಕದ ಮನೆಯ ಹುಡುಗಿಯ ತಟ್ಟೆಯಲ್ಲಿದ್ದ ಬಗ್ಗಡವೂ ಈಗ ನನ್ನ ಬಕೆಟ್ಟಿನಲ್ಲಿದೆ. ಅವಳು ಅದರಲ್ಲೇ ಗುಂಡಿ ಮಾಡುತ್ತಾಳಂತೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಆ ಎರಡು ಸಾಲಿಗೆ ತಿದ್ದುಪಡಿ ಹಾಕಿ. ಓವನ್‌ನಲ್ಲಿಟ್ಟ ಮಣ್ಣಿನ ಲೋಟ ಬೆಂದಿರುವುದಿಲ್ಲ, ಅದರಲ್ಲಿ ಕುಡಿಯಬೇಡಿ ಎಂದು ನೇರವಾಗಿ ಬರೆಯಿರಿ. ಸಾಧ್ಯವಾದರೆ ಇನ್ನೊಂದು ಭಾನುವಾರ ಸುಡುವ ಬಗ್ಗೆಯೇ ಬರೆಸಿ, ದಿನವೂ ಆವಿಗೆ ಹೊತ್ತಿಸುವ ಕುಂಬಾರರ ಕೈಲೇ ಹೇಳಿಸಿ. ತಿದ್ದುಪಡಿಯನ್ನು ಒಳಪುಟದ ಮೂಲೆಗೆ ತಳ್ಳದೆ ಅದೇ ಪುರವಣಿಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿದರೆ ಒಳ್ಳೆಯದು. ಜಾಗ ಸಾಲದಿದ್ದರೆ ಈ ಸಲ ಚಕ್ರದ ಫೋಟೊ ಬಿಟ್ಟುಬಿಡಿ.

ಇಂತಿ,
ನಿಮ್ಮ ಹಳೆಯ ಓದುಗಳು,
ನಿವೃತ್ತ ಶಿಕ್ಷಕಿ